ಬಂಕಿಗೆ ಬಂದ ವದಿನ

ಆಂಧ್ರದ ಕೌತಾಳಂ ಕಡೆಯ ನಮ್ಮೂರಿನಲ್ಲಿ ಕಾಲುವೆ ನೀರಿನ ಸರದಿಗಾಗಿ ಪಕ್ಕದ ಹೊಲದವನೊಂದಿಗೆ ನನಗೆ ಜಗಳವಾಯಿತು. ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದೆ. ಮಾತಿಗೆ ಮಾತು ಬೆಳೆದು, ಕೈಯಲ್ಲಿದ್ದ ಸಲಿಕೆಯಿಂದ ಹೊಡೆದೆ. ಮೂರನೆಯ ದಿನ ಅವನು ಆಸ್ಪತ್ರೆಯಲ್ಲಿ ತೀರಿಕೊಂಡ. ಅವನೇ ಮೊದಲು ಕೈಮಾಡಿದ ಎಂದು ಕೋರ್ಟಿನಲ್ಲಿ ಹೇಳಿದೆ. ಏಳು ವರ್ಷ ಶಿಕ್ಷೆಯಾಯಿತು.

ಮೊದಲೆರಡು ವರ್ಷ ಜೈಲಿನ ತೋಟದಲ್ಲಿ ಬದನೆ, ಬೆಂಡೆ ಬೆಳೆದೆ. ಹತ್ತನೆಯವರೆಗೆ ಓದಿದ್ದರಿಂದ ಆದೋನಿ ಕಡೆಯ ಕೈದಿಗಳಿಗೆ ಕನ್ನಡದಲ್ಲಿ ಕಾಗದ ಬರೆದುಕೊಡುತ್ತಿದ್ದೆ. ಆಮೇಲೆ, ಜೈಲಿನವರೇ ರಸ್ತೆ ಬದಿಯಲ್ಲಿ ನಡೆಸುವ ಪೆಟ್ರೋಲ್ ಬಂಕಿಗೆ ನಡತೆ ನೋಡಿ ಕೆಲವರನ್ನು ಆರಿಸಿದರು. ನನ್ನ ಹೆಸರೂ ಬಂತು. ನೀಲಿ ಅಂಗಿ ಕೊಟ್ಟರು. ಬೆಳಿಗ್ಗೆ ತಲೆ ಎಣಿಸಿ ಹೊರಗೆ ಬಿಡುವರು, ಸಂಜೆ ಎಣಿಸಿ ಒಳಗೆ ಸೇರಿಸುವರು. ಬೋರ್ಡಿನ ಮೇಲೆ ಜೈಲಿನ ಹೆಸರಿದ್ದರೂ ಗಿರಾಕಿಗಳು ನಮ್ಮ ಮುಖ ನೋಡುತ್ತಿರಲಿಲ್ಲ. "ಅಣ್ಣಾ, ಫುಲ್ ಟ್ಯಾಂಕ್" ಎಂದು ಯಾರಾದರೂ ಅಂದರೆ ಅಷ್ಟಕ್ಕೇ ನನಗೆ ಖುಷಿಯಾಗುತ್ತಿತ್ತು.

ಒಂದು ಮಧ್ಯಾಹ್ನ ಬೈಕೊಂದು ಬಂದು ನಿಂತಿತು. ಹಿಂದೆ ಕೂತವಳು ಇಳಿದು ಸೆರಗು ಸರಿಮಾಡಿಕೊಂಡಳು. ಸತ್ತವನ ಹೆಂಡತಿ. ನಮ್ಮ ಕಡೆ ಅತ್ತಿಗೆಯನ್ನು ತೆಲುಗಿನವರಂತೆ ವದಿನ ಎನ್ನುತ್ತೇವೆ. ಆಕೆಯನ್ನು ನಾನು ಹಾಗೇ ಕರೆದವನು, ಆಕೆ ಬಡಿದ ರೊಟ್ಟಿ ತಿಂದವನು. ಬೈಕು ಓಡಿಸುತ್ತಿದ್ದವನು ಆಕೆಯ ತಮ್ಮ, ಗೋನೆಗಂಡ್ಲ ಊರಿನವನು. ಅವನೇ ಮೊದಲು ನನ್ನ ಗುರುತು ಹಿಡಿದ.

"ಅಕ್ಕಾ, ಹತ್ತು. ಮುಂದ ಇನ್ನೊಂದು ಬಂಕ್ ಐತಿ."

ಆಕೆ ಅಲುಗಲಿಲ್ಲ. "ಇಲ್ಲೇ ಹಾಕಿಸು. ಪೆಟ್ರೋಲೇನು ಇವಂದಾ?"

ನಾನು ಪೈಪು ಹಿಡಿದೆ. ಒಂದಿಷ್ಟು ಟ್ಯಾಂಕಿನ ಮೇಲೆ ಚೆಲ್ಲಿತು. ಬಟ್ಟೆಯಿಂದ ಒರೆಸಿದೆ.

"ಬಿಟ್ಟಾರೇನು ನಿನ್ನ?" ಎಂದಳು.

"ಇಲ್ಲ ವದಿನಾ. ಹಗಲೊತ್ತು ಇಲ್ಲಿ ಕೆಲಸ. ಸಂಜಿಕ ಒಳಗ ಹೋಗ್ಬೇಕು."

"ಹಗಲೊತ್ತಾದ್ರೂ ಹೊರಗ ಬರ್ತಿ. ನಮ್ಮನಿಯಾಂವ ಅದೂ ಬರಂಗಿಲ್ಲ."

ದನಿ ಏರಿಸದೆ ಹೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಲಾರಿಯವನು ಹಾರನ್ ಹೊಡೆದ. ಅವರು ಹೊರಟುಹೋದರು.

ಮರುದಿನ ಕೈದಿಗಳ ಕ್ಷೇಮ ನೋಡಿಕೊಳ್ಳುವ ಅಧಿಕಾರಿಯ ಬಳಿ ಹೋಗಿ, ಮತ್ತೆ ತೋಟಕ್ಕೆ ಹಾಕಿರಿ ಎಂದು ಕೇಳಿಕೊಂಡೆ. ಕಾರಣವನ್ನೂ ಹೇಳಿದೆ. ಬಿಡುಗಡೆಯಾದ ಮೇಲೆ ಆಕೆ ಸಂತೆಯಲ್ಲಿ ಎದುರಾದರೆ ಆಗ ಯಾವ ತೋಟಕ್ಕೆ ಹೋಗುತ್ತೀಯ ಎಂದು ಅವರು ತೆಲುಗಿನಲ್ಲಿ ಕೇಳಿದರು. ಆಕೆಗೆ ಹೇಳಬೇಕಾದದ್ದನ್ನು ಹೇಳಿದ್ದೀಯಾ ಎಂದೂ ಕೇಳಿದರು. ಇಲ್ಲವೆಂದೆ. ಒಂದು ಬಿಳಿ ಹಾಳೆ ನನ್ನ ಮುಂದೆ ಸರಿಸಿದರು.

ಬೇರೆಯವರಿಗೆ ಎಷ್ಟೋ ಕಾಗದ ಬರೆದವನಿಗೆ ಇದನ್ನು ಬರೆಯಲು ನಾಲ್ಕು ದಿನ ಬೇಕಾಯಿತು. ಬರೆದದ್ದೆಲ್ಲ ನನ್ನನ್ನೇ ಕಾಪಾಡಿಕೊಳ್ಳುವ ಮಾತಾಗುತ್ತಿತ್ತು. ಹರಿದು ಹರಿದು ಕೊನೆಗೆ ಉಳಿದದ್ದು ಮೂರು ಸಾಲು. ಅಣ್ಣ ಮೊದಲು ಕೈಮಾಡಿದ ಎಂದದ್ದು ಸುಳ್ಳು. ಅವನ ಕೈಯಲ್ಲಿ ಏನೂ ಇರಲಿಲ್ಲ. ನೀವು ಬಾ ಎನ್ನುವ ತನಕ ನಾನು ಊರಿಗೆ ಬರುವುದಿಲ್ಲ.

ಉತ್ತರ ಬರಲಿಲ್ಲ. ಬಿಡುಗಡೆಯಾಗುವವರೆಗೂ ನಾನು ಅದೇ ಬಂಕಿನಲ್ಲಿ ನಿಂತೆ. ಅಲ್ಲಿ ಕಲಿತ ಕೆಲಸ, ಆ ಅಧಿಕಾರಿ ಬರೆದುಕೊಟ್ಟ ಒಂದು ಪತ್ರ, ಇವೆರಡರಿಂದ ಆದೋನಿಯಲ್ಲೊಂದು ಬಂಕಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿಯವರೆಗೆ ಊರಿನಲ್ಲೇ ಇದ್ದ ನನ್ನ ಹೆಂಡತಿ ಬಂದಳು. ಒಂದು ಕೋಣೆ ಬಾಡಿಗೆಗೆ ಹಿಡಿದೆವು.

ಆರು ತಿಂಗಳಾಗಿರಬೇಕು, ವದಿನ ಡೀಸೆಲ್ ಕ್ಯಾನು ಹಿಡಿದು ಒಬ್ಬಳೇ ಬಂದಳು. ತುಂಬಿಕೊಟ್ಟೆ.

"ಕಾಗದ ಮುಟ್ಟಿತ್ತು," ಎಂದಳು. "ನಮ್ಮ ಅತ್ತೆಗೆ ಓದಿ ಹೇಳಿದೆ. ಮಗ ಜಗಳಗಂಟ ಅಂತ ಊರೆಲ್ಲಾ ಆಡಿಕೊಳ್ತಿತ್ತಲ್ಲ. ಎರಡು ಸಲ ಓದಿಸಿಕೊಂಡಳು ಆಕಿ."

ನಾನು ಕೈ ಮುಗಿದೆ.

"ಆಕಿ ಇರೋತನಕ ಊರಾಗ ಕಾಲಿಡಬ್ಯಾಡ. ಆಮ್ಯಾಲೆ ನಾ ಏನೂ ಅನ್ನಂಗಿಲ್ಲ."

ಆ ಮುದುಕಿ ಇನ್ನೂ ಇದ್ದಾಳೆ, ಹೊಲಕ್ಕೂ ಹೋಗುತ್ತಾಳಂತೆ. ಹಬ್ಬಕ್ಕೆ ನನ್ನ ಹೆಂಡತಿ ಒಬ್ಬಳೇ ಊರಿಗೆ ಹೋಗಿ ಬರುತ್ತಾಳೆ. ಬಂದಾಗ ನಾನು ಮೊದಲು ಕೇಳುವುದು ಆ ಮುದುಕಿಯ ಆರೋಗ್ಯವನ್ನೇ. ಗಟ್ಟಿಯಾಗಿದ್ದಾಳೆ ಎಂದರೆ ಮನಸ್ಸಿಗೆ ಸಮಾಧಾನವಾಗುತ್ತದೆ.