ಮೇಜಿನ ಮೇಲಿನ ಮುರಿದ ಶಾಫ್ಟು

೧೯೭೪ರ ವಿಜಯದಶಮಿಯ ಮರುದಿನ ಬೆಳಿಗ್ಗೆ, ಅಣ್ಣಿಗೇರಿಯ ಶೇಂಗಾ ಗಿರಣಿಯಲ್ಲಿ ಯಂತ್ರ ತಿರುಗಿಸುವ ಶಾಫ್ಟು ಮುರಿದು ಫಿಟ್ಟರ್ ಬುಡನಸಾಬರು ತೀರಿಕೊಂಡರೆಂಬ ಸುದ್ದಿ ಬಂದಾಗ, ಪ್ರಾಧ್ಯಾಪಕ ಈರಬಸಪ್ಪನವರು ಲಿಂಗಪೂಜೆಗೆ ಕುಳಿತಿದ್ದರು. ಹಿಡಿದ ಬಿಲ್ವದಳ ಕೈಯಲ್ಲೇ ಉಳಿಯಿತು. “ಹೇಳಿದ್ದೆ, ಕೇಳಲಿಲ್ಲ” ಎಂದಷ್ಟೇ ನುಡಿದು ಎದ್ದರು.

ಲೋಹಗಳ ಒಳರಚನೆಯನ್ನು ತಿಳಿಗನ್ನಡದಲ್ಲಿ ಬಿಡಿಸಿ ಹೇಳಬಲ್ಲ ಅವರಂಥ ಅಧ್ಯಾಪಕರು ನಮ್ಮ ಸೀಮೆಯಲ್ಲಿ ವಿರಳ. ಅಂಥವರ ಈ ಅಭಿನಂದನ ಸಂಪುಟದಲ್ಲಿ ಸಾವಿನ ಮಾತೇಕೆ ಎಂದು ಸಂಪಾದಕ ಸಮಿತಿಯ ಕೆಲವರು ಮುಖ ಸಿಂಡರಿಸಿದರು. ಆದರೆ ಆ ಸಾವನ್ನು ಬಿಟ್ಟು ಅವರನ್ನು ಹೊಗಳುವುದೆಂದರೆ ಸುಳ್ಳು ಬರೆದಂತೆ.

ದೇವಿಕೊಪ್ಪದಲ್ಲಿ ಹುಟ್ಟಿ, ಧಾರವಾಡದಲ್ಲಿ ಓದಿ, ಅಣ್ಣಿಗೇರಿಯ ಕಾಲೇಜಿಗೆ ಬಂದ ಈರಬಸಪ್ಪನವರು ಪಾಠಕ್ಕೆ ನವಲಗುಂದದ ಜಮಖಾನಿಯನ್ನೇ ಹಾಸುತ್ತಿದ್ದರು. ಇಡೀ ಜಮಖಾನಿಯನ್ನು ಎಳೆಯುವುದು ಕಷ್ಟ. ಒಂದು ಸುಕ್ಕು ಎಬ್ಬಿಸಿ ದೂಡಿದರೆ ಸುಲಭವಾಗಿ ಸರಿಯುತ್ತದೆ. ಲೋಹದ ಕಣಗಳು ಕೂರಿಗೆಯಿಂದ ಬಿತ್ತಿದ ಸಾಲುಗಳಂತೆ ನಿಂತಿರುತ್ತವೆ, ನಡುನಡುವೆ ಕೆಲವು ಸಾಲು ಅರ್ಧಕ್ಕೇ ನಿಂತಿರುತ್ತವೆ. ಆ ಊನ ಸುಕ್ಕಿನಂತೆ ಸರಿಯುವುದರಿಂದಲೇ ಕಬ್ಬಿಣ ಮುರಿಯದೆ ಬಾಗುತ್ತದೆ ಎನ್ನುತ್ತಿದ್ದರು. ತಣ್ಣಗಿರುವಾಗಲೇ ಮತ್ತೆ ಮತ್ತೆ ಬಡಿದು ನೆಟ್ಟಗೆ ಮಾಡಿದರೆ ಊನಗಳು ಹೆಚ್ಚಿ, ಒಂದಕ್ಕೊಂದು ತೊಡಕಿ ಸರಿಯಲಾರದೆ ಹೋಗುತ್ತವೆ. ಆಗ ಲೋಹ ಗಡುಸಾಗಿ, ಬಾಗುವ ಬದಲು ಬಿರಿಯುತ್ತದೆ.

ಸಾಹುಕಾರ ಶಂಕ್ರಪ್ಪನವರ ಗಿರಣಿಯಲ್ಲಿ ವರ್ಷವರ್ಷವೂ ನಡೆದದ್ದು ಅದೇ. ಸುಗ್ಗಿಗೆ ಮೊದಲು ಬಾಗಿದ ಶಾಫ್ಟನ್ನು ಕಾಯಿಸದೆ ಬಡಿಸಿ ನೆಟ್ಟಗೆ ಮಾಡಿಸುವುದು, ಮಹಾನವಮಿಯ ಖಂಡೆಪೂಜೆಯ ದಿನ ಅದಕ್ಕೆ ವಿಭೂತಿ ಬಳಿಯುವುದು. ಆ ವರ್ಷ ಪ್ರಸಾದಕ್ಕೆ ಹೋದ ಈರಬಸಪ್ಪನವರಿಗೆ ವಿಭೂತಿಯ ಬಿಳುಪಿನಲ್ಲಿ ಕೂದಲೆಳೆಯಂಥ ಎಣ್ಣೆಯ ಗೆರೆ ಒಸರಿದ್ದು ಕಂಡಿತು.

“ಸಾಹುಕಾರ್ರ, ಒಳಗ ಬಿರುಕು ಐತ್ರಿ. ಬಿಚ್ಚಿಸಿ ಬ್ಯಾರೆ ಹಾಕಸ್ರಿ.”

“ಪೂಜಿ ಮಾಡಿದ ಕಬ್ಬಣ ದೀಪಾವಳಿ ಪಾಡ್ಯಾತನಕ ಬಿಚ್ಚೂ ಹಂಗಿಲ್ರಿ. ನಿಮ್ಮ ಪುಸ್ತಕದಾಗ ಇದೆಲ್ಲ ಇರೂದಿಲ್ಲ.”

“ಬಿಚ್ಚಾಕ ಮಡಿ, ತಿರುವಾಕ ಮಡಿ ಇಲ್ಲೇನು?”

ಬುಡನಸಾಬರು ಕೈಯ ಎಣ್ಣೆ ಒರೆಸುತ್ತ ನಕ್ಕರು. “ದೇವರು ಶೇಂಗಾ ಒಡಿಯಾಕ ಬಿಡ್ತಾನ್ರಿ ಮಾಸ್ತರ್ರ, ಬೋಲ್ಟ ಬಿಚ್ಚಾಕಷ್ಟ ಬಿಡೂದಿಲ್ಲ.”

ಆ ನಗೆ ಕೇಳಿದ್ದು ಅದೇ ಕೊನೆ.

ಬುಡನಸಾಬರನ್ನು ಮಣ್ಣು ಮಾಡಿ ಬಂದ ಮೇಲೆ ಗಿರಣಿಯ ಅಂಗಳದಲ್ಲಿ ಜನ ಸೇರಿದರು. ಬುಡನಸಾಬ ಬೋಲ್ಟು ಬಿಗಿ ಮಾಡಿರಲಿಲ್ಲ ಎಂದು ಸಾಹುಕಾರರು ಅಂದರು; ಉಳಿದದ್ದು ಶಿವನ ಇಚ್ಛೆ ಎಂದೂ ಸೇರಿಸಿದರು. ಸತ್ತವನ ಮೇಲೆ ಅರ್ಧ, ಶಿವನ ಮೇಲೆ ಅರ್ಧ ಹೊರಿಸಿ ತಾವು ಹಗುರಾದರು! ನಿತ್ಯ ಲಿಂಗ ಹಿಡಿಯುವ ಕೈಗೆ ಇದಕ್ಕಿಂತ ದೊಡ್ಡ ಪಾಪ ಯಾವುದಿದೆ?

ಎಂದೂ ದನಿ ಏರಿಸದ ಈರಬಸಪ್ಪನವರು ಅಂದು ಗುಡುಗಿದರು. ಮುರಿದ ತುಂಡನ್ನು ಎಲ್ಲರ ಮುಂದೆ ಹಿಡಿದರು: “ಕಣ್ಣಿದ್ದವರು ನೋಡ್ರಿ. ಇಷ್ಟಗಲ ನುಣುಪಾಗಿ, ಎಣ್ಣಿ ಕುಡದು ಕರ್ರಗಾಗೇತಿ. ಇದು ಹಳೇ ಬಿರುಕು. ಹೊಳಿಯೂ ಈ ಬೆರಳಿನಷ್ಟ ಜಾಗಾ ಮಾತ್ರ ಈಗ ಮುರದದ್ದು. ಇದರಾಗ ಬುಡನಸಾಬನ ತಪ್ಪು ಎಲ್ಲೈತಿ, ತೋರಸ್ರಿ! ಶಿವನ ಹೆಸರು ಯಾಕ ತರ್ತೀರಿ? ಅವನು ವಿಭೂತಿಯೊಳಗ ಗೆರಿ ಎಳದು ತೋರಿಸಿದ್ದ.”

ಗೋಡೆಯ ಮರೆಯಲ್ಲಿ ನಿಂತಿದ್ದ ಬುಡನಸಾಬರ ಹೆಂಡತಿ ಹಲೀಮಾಬಿ, “ಅದನ್ನ ಒಗೀಬ್ಯಾಡ್ರಿ ಸರ, ನಿಮ್ಮ ಹತ್ರನ ಇರಲಿ. ಇನ್ನ ಯಾರರ ನಮ್ಮ ಮನಿಯವರ ಹೆಸರು ಎತ್ತಿದರ ಅವರ ಮಾರಿ ಮುಂದ ಹಿಡೀರಿ” ಎಂದರು.

ಅಂದಿನಿಂದ ಆ ತುಂಡು ಈರಬಸಪ್ಪನವರ ಮೇಜಿನ ಮೇಲಿದೆ. ಪ್ರತಿವರ್ಷದ ಪಾಠ ಅದರಿಂದಲೇ ಮೊದಲಾಯಿತು. ಈ ಸಂಪುಟಕ್ಕೆ ಫೋಟೋ ತೆಗೆಯುವಾಗ, ಶಾಲು ಹೊದಿಸಲು ಬಂದಿದ್ದ ಸಾಹುಕಾರರು ಆ ತುಂಡನ್ನು ಬದಿಗೆ ಸರಿಸಲು ಹೇಳಿದರು. “ಶಾಲು ಬಾಜು ಇಡ್ರಿ, ಇದು ಇಲ್ಲೇ ಇರತೈತಿ” ಎಂದರು ಈರಬಸಪ್ಪನವರು. ಮೊದಲ ಪುಟದ ಚಿತ್ರದಲ್ಲಿ ಅವರ ಹೆಗಲು ಬರಿದಾಗಿರುವುದು ಅದಕ್ಕೇ.

ಅವರಿಗೆ ದೀರ್ಘಾಯುಷ್ಯವಿರಲಿ, ಆ ಕಟುವಾಣಿ ಇನ್ನೂ ಬಹುಕಾಲ ನಮ್ಮನ್ನು ಎಚ್ಚರಿಸಲಿ. ತಪ್ಪನ್ನು ದೇವರ ಮೇಲೆ ಹೊರಿಸದ ಬುದ್ಧಿಯನ್ನು ಶಿವನು ನಮಗೆ ಕೊಡಲಿ. ನಗುನಗುತ್ತ ಕೆಲಸಕ್ಕೆ ಹೋಗಿ ಮನೆಗೆ ಮರಳದ ಬುಡನಸಾಬರಿಗೆ, ಅವರು ನಮಾಜಿನಲ್ಲಿ ನೆನೆದ ಆ ದಯಾಮಯನು ಶಾಂತಿಯನ್ನು ಕರುಣಿಸಲಿ.