ಲೇತಕ್ಕ ಕೂರಿಸಿದ ಒಂಟಿ ತೋಳು

ಮೊನ್ನೆ ಪಂಪ್‌ಸೆಟ್ಟಿನ ಶಾಫ್ಟು ಮಾಡಿಸಲು ಮಳವಳ್ಳಿಗೆ ಹೋಗಿದ್ದೆ. ಕಬ್ಬಿಣ ಕಡೆಯುವ ಲೇತಿನಲ್ಲಿ ಕಾದ ತುಂಡಿನ ಮೇಲೆ ಬಿಸಿ ಆರಿಸುವ ಹಾಲಿನಂಥ ಕೂಲೆಂಟು ಬಿದ್ದು ಹೊಗೆ ಎದ್ದಿತು. ಆ ಕಮಟು ವಾಸನೆಗೆ ಮದ್ದೂರಿನ ಲೇತಕ್ಕ ಕಣ್ಣ ಮುಂದೆ ಬಂದು ನಿಂತಳು. ಊರೆಲ್ಲ ಅವಳನ್ನು ಕರೆಯುತ್ತಿದ್ದುದೇ ಹಾಗೆ. ಗಂಡ ತೀರಿಕೊಂಡ ಮೇಲೆ ಅವನ ಲೇತ್ ಶೆಡ್ಡನ್ನು ತಾನೇ ನಡೆಸುತ್ತಿದ್ದಳು. ಆಲೆಮನೆಯ ಗಾಣಗಳಿಗೆ ಶಾಫ್ಟು, ಅದು ಕೂರುವ ಬಳೆಯಂಥ ಬುಷ್ಷು ಮಾಡಿಕೊಡುವುದು ಅವಳ ಕೆಲಸ.

ನನಗಾಗ ಸ್ಪೋರ್ಟ್ಸ್ ಬೈಕಿನ ಹುಚ್ಚು. ಗುಜರಿಯಲ್ಲಿ ಬೇರೊಂದು ದೊಡ್ಡ ಬೈಕಿನ ಸ್ವಿಂಗ್ ಆರ್ಮ್ ಸಿಕ್ಕಿತ್ತು. ಮಾಮೂಲಿ ಬೈಕುಗಳಲ್ಲಿ ಈ ತೋಳು ಹಿಂದಿನ ಚಕ್ರವನ್ನು ಎರಡೂ ಕಡೆಯಿಂದ ಹಿಡಿದಿರುತ್ತದೆ. ಇದು ಒಂಟಿ ತೋಳು; ಒಂದೇ ಕಡೆಯಿಂದ ಹಿಡಿಯುತ್ತದೆ, ಇನ್ನೊಂದು ಕಡೆ ಚಕ್ರ ಪೂರಾ ಬಯಲು. ಅದನ್ನು ನನ್ನ ಬೈಕಿಗೆ ಕೂರಿಸಬೇಕೆಂದು ಹಟ ಹಿಡಿದಿದ್ದೆ. ಮಂಡ್ಯದ ಮೆಕ್ಯಾನಿಕ್ಕುಗಳೆಲ್ಲ ತಲೆ ಕೆಟ್ಟಿದೆಯಾ ಎಂದರು. ಕೆಟ್ಟಿತ್ತು, ಏನೀಗ?

ಲೇತಕ್ಕ ಮಾತ್ರ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಬಿಟ್ಟು ಹೋಗು ಎಂದಳು. ಅಲ್ಲೇ ಕುರ್ಚಿ ಹಾಕಿಕೊಂಡು ಅವಳ ಭಾವ, ಗಂಡನ ಅಣ್ಣ, ಕೂತಿದ್ದ. ತಮ್ಮ ಸತ್ತ ದಿನದಿಂದ ಆ ಶೆಡ್ಡಿನ ಮೇಲೆ ಅವನ ಕಣ್ಣು. ಲೇತ್ ಮಾರಿ ಶೆಡ್ಡನ್ನು ಮೊಬೈಲ್ ಅಂಗಡಿಗೆ ಬಾಡಿಗೆ ಕೊಡಬೇಕು, ಹೆಂಗಸು ಮನೆಯಲ್ಲಿರಬೇಕು... ದಿನಾ ಇದೇ ರಾಗ. ಅವತ್ತು ನಕ್ಕ.

“ಎಲ್ಡ್ ಕಡೆ ಇಡ್ಕಂಡಿರದೇ ಅಳ್ಳಾಡ್ತದೆ, ಒಂದ್ ಕಡೆ ಇಡುದ್ರೆ ನಿಂತದಾ? ಇದು ಆಗ್ನಿಲ್ಲ ಅಂದ್ರೆ ಸೆಡ್ ಬೀಗದ ಕೈ ಕೊಟ್ಬುಡಮ್ಮ.”

“ಆಗ್ನಿಲ್ಲ ಅಂದ್ರೆ ನಾನೇ ತಂದ್ ಕೊಡ್ತೀನಿ ಬಾವ” ಎಂದಳು. ಸೊಂಟದಲ್ಲಿದ್ದ ಬೀಗದ ಕೈಯನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ನನ್ನದು ಶೋಕಿ, ಅವಳದು ಅನ್ನ.

ಆ ತೋಳು ನನ್ನ ಬೈಕಿನ ಚೌಕಟ್ಟಿಗಿಂತ ಅಗಲವಿತ್ತು. ಎರಡೂ ಬದಿ ಕೆತ್ತಿ, ಹೊಸ ಬುಷ್ ಮಾಡಿ ಕೂರಿಸಿದಳು. ನಾಲೆ ಏರಿಯ ಮೇಲೆ ಓಡಿಸಿದರೆ ಬೈಕು ಹಿಂದಿನಿಂದ ಬಾಲ ಅಲ್ಲಾಡಿಸಿತು. ಬೀಳದೆ ವಾಪಸು ಬಂದದ್ದೇ ಹೆಚ್ಚು. ವಿಷಯ ತಿಳಿದ ಭಾವ ಬೀಗದ ಕೈಗೆಂದು ಅಂಗೈ ಚಾಚಿದ. ಅವಳು ಆ ಕೈಯ ಕಡೆ ತಿರುಗಿಯೂ ನೋಡಲಿಲ್ಲ. ಬೈಕಿನ ಚಕ್ರ ಹಿಡಿದು ಅಲ್ಲಾಡಿಸುತ್ತಾ ಸುಮಾರು ಹೊತ್ತು ಕೂತಿದ್ದಳು. ಆಮೇಲೆ ಹಣೆ ಚಚ್ಚಿಕೊಂಡಳು.

“ಗಾಣುಕ್ಕೆ ಬುಡೋ ಸಡ್ಲವ ಇದ್ಕೂ ಬುಟ್ಬುಟ್ಟಿವ್ನಿ ಕಣ್ಲಾ.”

ಕಬ್ಬು ಸಿಕ್ಕಿಕೊಂಡರೆ ಗಾಣ ಕಚ್ಚಿ ನಿಲ್ಲಬಾರದೆಂದು ಬುಷ್ಷಿನಲ್ಲಿ ಚೂರು ಸಡಿಲ ಬಿಡುವುದು ಅವಳ ಕೈಗೆ ಅಂಟಿದ ರೂಢಿ. ಬೈಕಿಗೆ ಅದು ಯಮ. ಆ ಬುಷ್ಷುಗಳನ್ನು ಎಸೆದು ಹೊಸದಾಗಿ, ಸುತ್ತಿಗೆಯಲ್ಲಿ ಬಡಿದರೆ ಮಾತ್ರ ಒಳಹೋಗುವಷ್ಟು ಬಿಗಿಯಾಗಿ ಮಾಡಿದಳು.

ಮಾರನೆಯ ಬೆಳಿಗ್ಗೆ ನಾನು ಬೈಕು ಹತ್ತಿದರೆ, ಸೀರೆ ಸೆರಗು ಸಿಕ್ಕಿಸಿಕೊಂಡು ಹಿಂದಿನ ಸೀಟಿಗೆ ಅವಳೇ ಹತ್ತಿದಳು. ಬೇಡಕ್ಕ, ಹೋದ ಸಲದ ಹಾಗೆ ಆದರೆ ಗತಿಯೇನು ಎಂದೆ. ನಾನು ಮಾಡಿದ ಕೆಲಸಕ್ಕೆ ನೀನೊಬ್ಬನೇ ಯಾಕೆ ಬೀಳಬೇಕು ಎಂದು ಗದರಿದಳು. ಊರ ಕಣ್ಣು ತಪ್ಪಿಸಲು ನಾನು ವೈದ್ಯನಾಥಪುರದ ದಾರಿ ಹಿಡಿಯುತ್ತಿದ್ದಂತೆ ಭುಜ ತಟ್ಟಿದಳು.

“ಇಂಗ್ಯಾಕ್ಲಾ? ನಮ್ ಬಾವನ್ ಮನೆ ಮುಂದ್ಲೇ ಓಗು.”

ಗಂಡ ಸತ್ತ ಹೆಂಗಸು ಯಾವನೋ ಹುಡುಗನ ಹಿಂದೆ ಕೂತು ಊರ ನಡುವೆ ಹೋದಳೆಂದು ಮಾತಾಡಿಕೊಳ್ಳುವವರಿಗೇನು ಬರ! ಆಡಿಕೊಳ್ಳಲಿ. ಜಗುಲಿಯ ಮೇಲೆ ಕಾಫಿ ಕುಡಿಯುತ್ತಿದ್ದ ಭಾವ ಲೋಟ ಹಿಡಿದವನು ಹಿಡಿದ ಹಾಗೇ ಎದ್ದು ನಿಂತ. ಅವಳು ತಲೆ ಮೇಲೆ ಸೆರಗೆಳೆದುಕೊಂಡು ಮರ್ಯಾದೆಯಿಂದ ಕೈ ಮುಗಿದಳು. ಬೈಕು ಒಂದಿಷ್ಟೂ ಅಲುಗಲಿಲ್ಲ. ನಾನು ಹೆಲ್ಮೆಟ್ಟಿನೊಳಗೆ ಹುಚ್ಚನಂತೆ ನಗುತ್ತಿದ್ದೆ.

ಹೋದ ಬೇಸಿಗೆಯಲ್ಲಿ ಲೇತಕ್ಕ ಹೋಗಿಬಿಟ್ಟಳು. ಈಗ ಶೆಡ್ಡಿನಲ್ಲಿ ಮೊಬೈಲ್ ಅಂಗಡಿ ಇದೆ. ಲೇತನ್ನು ಯಾರೋ ಲಾರಿಯಲ್ಲಿ ಹೇರಿಕೊಂಡು ಹೋದರಂತೆ. ಆ ಕಡೆ ಹೋದಾಗ ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ. ಅಂತೂ ಭಾವ ಗೆದ್ದ ಎನ್ನುವವರಿಗೆ ನಾನು ಹೇಳುವುದು ಒಂದೇ ಮಾತು. ಅಷ್ಟು ವರ್ಷ ಕಾದರೂ ಅವನಿಗೆ ಬೀಗದ ಕೈ ಸಿಕ್ಕಿದ್ದು ಹೆಣದ ಸೊಂಟದಿಂದ.