ಮಳೆ ಬಂದರೆ ಕ್ಲಾಸು

ಮಳೆ ಹನಿಯತೊಡಗಿದರೆ ತುಮಕೂರಿನ ಬೇರೆ ಡ್ರೈವಿಂಗ್ ಸ್ಕೂಲಿನವರು ಕಾರನ್ನು ಶೆಡ್ಡಿಗೆ ಸೇರಿಸುತ್ತಿದ್ದರು. ನನಗೆ ಕಾರು ಕಲಿಸುತ್ತಿದ್ದ ಪುಟ್ಟಸ್ವಾಮಯ್ಯನವರು ಆಗಲೇ ಹೊರಗೆ ತೆಗೆಯುತ್ತಿದ್ದರು. ಪ್ಯಾಂಟು ಮಡಚಿಕೊಂಡು, ತಲೆಗೆ ಕರ್ಚೀಫು ಕಟ್ಟಿಕೊಂಡು ಬಂದು ನಮ್ಮ ಗೇಟಿನೆದುರು ಹಾರ್ನ್ ಒತ್ತುತ್ತಿದ್ದರು. "ಬನ್ನಿ ಟೀಚರಮ್ಮ, ಬಿಸ್ಲಲ್ಲಿ ಎಲ್ರೂ ಓಡುಸ್ತಾರೆ."

ಅದು ತೊಂಬತ್ತರ ದಶಕದ ಕೊನೆ. ನಾನು ಗುಬ್ಬಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಮೊದಲ ಮಳೆಯ ದಿನ ಅವರು ಕುಣಿಗಲ್ ರಸ್ತೆಯ ಬದಿಯಲ್ಲಿ ಕಾರು ನಿಲ್ಲಿಸಿ, ನನ್ನನ್ನು ಇಳಿಸಿ, ಚಪ್ಪಲಿಯಿಂದ ಟಾರು ಉಜ್ಜಿ ನೋಡಲು ಹೇಳಿದರು. ಕಾಲು ಸರ್ರನೆ ಜಾರಿತು.

"ನೋಡುದ್ರಾ? ಲಾರಿ, ಬಸ್ಸಿನ ಎಣ್ಣೆ ಎಲ್ಲಾ ರೋಡ್ ಮೇಲೇ ಕೂತಿರ್ತೈತೆ. ನಾಕು ಹನಿ ಬಿದ್ದೇಟ್ಗೆ ಮೇಲೆ ಬರ್ತೈತೆ. ಜೋರು ಮಳೆಗಿಂತ ಈ ತುಂತುರೇ ಮೋಸ."

ಘರ್ಷಣೆಯ ಪಾಠವನ್ನು ಎಷ್ಟೋ ಸಲ ಬೋರ್ಡಿನ ಮೇಲೆ ಬರೆದಿದ್ದ ನನಗೆ ಅದು ಅರ್ಥವಾದದ್ದು ಅಂದು.

ನೀರು ನಿಂತ ಗುಂಡಿ ಕಂಡರೆ ಸಾಕು, ನಾನು ಬ್ರೇಕನ್ನು ಪೂರಾ ತುಳಿದುಬಿಡುತ್ತಿದ್ದೆ. ಅವರು ಒಮ್ಮೆಯೂ ಗದರಲಿಲ್ಲ. "ಬ್ರೇಕ್ನ ಕೇಳ್ಕೊಳಿ, ಒದೀಬ್ಯಾಡಿ. ಒಸಿ ತುಳ್ದು ಬಿಡಿ, ತಿರ್ಗಾ ತುಳೀರಿ," ಎನ್ನುತ್ತಿದ್ದರು.

ಮಳೆಯ ಮೇಲೆ ಯಾಕಿಷ್ಟು ಹಟ ಎಂದು ಒಂದು ದಿನ ಕೇಳಿಯೇಬಿಟ್ಟೆ. ಮಂಜು ಕಟ್ಟಿದ ಗಾಜನ್ನು ಬಟ್ಟೆಯಿಂದ ಒರೆಸುತ್ತಾ ಹೇಳಿದರು: "ಮೊದ್ಲು ಬಸ್ ಓಡುಸ್ತಿದ್ದೆ. ನಿಟ್ಟೂರು ತಾವ, ಹಿಂಗೇ ತುಂತುರು. ಸೈಕಲ್ನೋನೊಬ್ಬ ಅಡ್ಡ ಬಂದ. ಗಾಬ್ರೀಲಿ ಬ್ರೇಕ್ ಒದ್ದೆ. ಗಾಡಿ ನಿಲ್ಲಲಿಲ್ಲ."

"ಅವನು?"

"ಬದುಕ್ದ. ಒಂದ್ ಕಾಲು ಹೋಯ್ತು. ತಪ್ಪು ಅವಂದೇ ಅಂತ ಎಲ್ರೂ ಅಂದ್ರು. ನನ್ ಕಾಲಿಗೆ ಗೊತ್ತು ಟೀಚರಮ್ಮ, ಯಾರ್ದು ಅಂತ."

ಅಲ್ಲಿಂದಾಚೆಗೆ ಅವರು ಬಸ್ಸಿನ ಕೆಲಸ ಬಿಟ್ಟಿದ್ದರು.

ಎರಡು ವರ್ಷದ ನಂತರ, ತುಂತುರು ಮಳೆಯಲ್ಲಿ ಗುಬ್ಬಿಯಿಂದ ಕಾರಿನಲ್ಲಿ ಬರುವಾಗ ನನ್ನ ಮುಂದೆಯೇ ಮೊಪೆಡ್ಡೊಂದು ಜಾರಿಬಿತ್ತು. ಹಿಂದೆ ಕೂತಿದ್ದ ಹೆಂಗಸು ನಡುರಸ್ತೆಗೆ ಉರುಳಿದಳು. ನನ್ನ ಹಿಂದಿನ ಸೀಟಿನಲ್ಲಿ ಮಗಳಿದ್ದಳು. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೇರಿಂಗನ್ನು ನೇರ ಹಿಡಿದು, ಬ್ರೇಕನ್ನು ತುಳಿದು ಬಿಟ್ಟು, ತುಳಿದು ಬಿಟ್ಟು ಮಾಡಿದೆ. ಆಕೆಯಿಂದ ಒಂದು ಮಾರು ದೂರದಲ್ಲಿ ಕಾರು ನಿಂತಿತು. ಆಕೆ ಎದ್ದು ಸೀರೆಯ ಕೆಸರು ಕೊಡವಿಕೊಂಡಳು.

ಸೀದಾ ಪುಟ್ಟಸ್ವಾಮಯ್ಯನವರಲ್ಲಿಗೆ ಹೋಗಿ ಹೇಳಿದೆ. "ಆವಮ್ಮಂಗೆ ಏನೂ ಆಗ್ಲಿಲ್ವಲ್ಲ?" ಎಂದು ಮೊದಲು ಕೇಳಿದರು. ಆಮೇಲೆ, "ಎಷ್ಟು ದೂರದಾಗೆ ನಿಲ್ತು? ಇನ್ನೊಂದ್ಸಲ ಹೇಳಿ," ಎಂದರು. ಮೂರು ಸಲ ಹೇಳಿಸಿಕೊಂಡರು.

ಅವರನ್ನು ಕೊನೆಯದಾಗಿ ಕಂಡದ್ದು ಅವರ ಕಣ್ಣು ಮಂಜಾಗಿ ಸ್ಕೂಲು ಮುಚ್ಚಿದ ವರ್ಷ. ಕುಣಿಗಲ್‌ನ ಅವರ ಮಗಳ ಮನೆಗೆ ನಾನೇ ಕರೆದುಕೊಂಡು ಹೊರಟೆ. ಹೆಬ್ಬೂರು ದಾಟುತ್ತಲೇ ಮಳೆ ಹಿಡಿಯಿತು. ಏನಾದರೂ ಹೇಳಿಯಾರೆಂದು ಕಾದೆ. ತಿರುಗಿ ನೋಡಿದರೆ ತಲೆಯನ್ನು ಸೀಟಿಗೆ ಆನಿಸಿ, ಬಾಯಿ ತುಸು ತೆರೆದು, ನಿದ್ದೆ ಹೋಗಿದ್ದರು.

ಮಗಳ ಮನೆಯ ಬೀದಿ ಬಂತು. ಎಬ್ಬಿಸಲು ಮನಸ್ಸಾಗಲಿಲ್ಲ. ಕೆರೆ ಏರಿಯವರೆಗೂ ನಿಧಾನವಾಗಿ ಹೋಗಿ, ತಿರುಗಿಸಿಕೊಂಡು ಬಂದೆ.